ಹಿಂದಿನ ಸಾಲಿನ ಶಿಷ್ಯ

ಸೂಚೌ
ಗಣರಾಜ್ಯದ ಎರಡನೇ ವರ್ಷ, ಸೇವಂತಿಗೆ ತಿಂಗಳು

ಮಗಳೇ ಪೇಯ್‌ವೆನ್,

ಹಾಗಾಗಿ ನಿಮ್ಮಮ್ಮನ ಚಿತ್ರಗಳ ಅಚ್ಚಿಗೆ ಮರವೇ ಮೇಲು. ನಿನ್ನೆ ನೀನು ದೋಣಿ ಹತ್ತುವವರೆಗೂ ಅದನ್ನೇ ಹೇಳಿದೆ, ಇವತ್ತೂ ಹೇಳುತ್ತೇನೆ. ನಿನ್ನ ಗಂಡನ ಶಾಂಘೈ ಅಚ್ಚುಕೂಟದ ಕಲ್ಲಚ್ಚಿನಲ್ಲಿ ಪುಸ್ತಕ ಅಂಗೈಯಗಲ ಆಗಿಬಿಡುತ್ತದೆ. ಕನ್‌ಫ್ಯೂಷಿಯಸ್ ಗುರುಗಳ ಗಡ್ಡ ಇರುವೆ ಸಾಲಿನ ಹಾಗೆ ಕಾಣುತ್ತದೆ. ಕಾಲೇಜಿನಲ್ಲಿ ಪಾದ್ರಿ ಹೇಳಿಕೊಡುತ್ತಿದ್ದರು, 'ಪ್ರೋಗ್ರೆಸ್ ಈಸ್ ದಿ...' ಮುಂದಿನದು ಮರೆತಿದೆ. ಮರೆತು ನಷ್ಟವೇನೂ ಆಗಿಲ್ಲ.

ನಿನ್ನ ವಾದವೂ ನೆನಪಿದೆ. ಅಮ್ಮ ಹೋದಮೇಲೆ ಉಳಿದದ್ದು ಅವಳು ಗುರುಗಳ ಉಪದೇಶದ ಪುಸ್ತಕಕ್ಕೆಂದು ಬರೆದ ಚಿತ್ರಗಳು, ಅವಕ್ಕೆ ನಕಲಿಲ್ಲ. ಮರದಚ್ಚಿಗಾದರೆ ಹಾಳೆಯನ್ನು ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ಅದರ ಮೇಲೆಯೇ ಉಳಿ ಓಡಿಸಬೇಕು. ಅಚ್ಚು ಉಳಿಯುತ್ತದೆ, ಹಾಳೆ ಹೋಗುತ್ತದೆ. ಕಲ್ಲಚ್ಚಿನವರು ಕ್ಯಾಮೆರಾದಲ್ಲಿ ಹಿಡಿದು ಹಾಳೆ ವಾಪಸು ಕೊಡುತ್ತಾರೆ. ಹಾಳೆ ಹೋದರೆ ಹೋಗಲಿ, ಗೆರೆ ಹಲಗೆಯೊಳಗೆ ಇಳಿದರೆ ನೂರು ವರ್ಷ ಇರುತ್ತದೆ ಅಂದೆ ನಾನು. ನೀನು ಮಾತು ಬಿಟ್ಟು ಹೊರಟೆ.

ಇವತ್ತು ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆತ್ತನೆಗಾರ ತಾವೋನ ಅಂಗಡಿಗೆ ಹೋದೆ. ಪಿಯರ್ ಮರದ ಹಲಗೆ ಸಿದ್ಧವಿತ್ತು, ಅಂಟು ಕಲಸಿತ್ತು. ಮೇಲಿನ ಹಾಳೆ, ಗುರುಗಳು ಪಾಠ ಹೇಳುತ್ತಿರುವುದು. ತಾವೋ ಅದನ್ನು ಬಾಗಿಲ ಬೆಳಕಿಗೆ ಹಿಡಿದವನು ನಗಲು ಶುರುಮಾಡಿದ.

"ಮೇಷ್ಟ್ರೇ, ಹಿಂದಿನ ಸಾಲಲ್ಲಿ ಒಬ್ಬ ತೂಕಡಿಸ್ತಿದಾನಲ್ಲ, ಅವನಿಗೆ ನಿಮ್ಮ ಮೂಗು ಹೇಗ್ರೀ ಬಂತು?"

ನೋಡಿದೆ. ಮೂಗು ನನ್ನದೇ. ಎಡಹುಬ್ಬಿನ ಗಾಯದ ಗುರುತೂ ನನ್ನದೇ. ಬಾಯಿ ಬೇರೆ ಅರ್ಧ ತೆರೆದಿದೆ. ಗುರುಗಳು ಉಳಿದವರನ್ನೆಲ್ಲ ಬಿಟ್ಟು ಅವನನ್ನೇ ನೋಡುತ್ತಿದ್ದಾರೆ, ಬೈಯುವ ಮುಖವಲ್ಲ. ಮಧ್ಯಾಹ್ನ ನಾನು ಪುಸ್ತಕ ಹಿಡಿದು ಕೂತಾಗೆಲ್ಲ ಎದುರಿಗೇ ಕೂತು ನಿಮ್ಮಮ್ಮ ಬರೆಯುತ್ತಿದ್ದದ್ದು ಇದನ್ನು.

"ಅಂಟು ಆರ್ತಾ ಇದೆ. ಹಚ್ಲಾ, ಬೇಡ್ವಾ?"

ಬೇಡ ಅಂದೆ. ಆ ಮೂಗಿಗೆ ತನ್ನ ಹಲಗೆ ಹೇಗೂ ಸಾಲುತ್ತಿರಲಿಲ್ಲ ಅಂತ ತಾವೋ ಅಂಟಿನ ಬಟ್ಟಲು ಮುಚ್ಚಿಟ್ಟ.

ಎಲ್ಲ ಹಾಳೆಗಳೂ ನಾಳೆಯ ದೋಣಿಗೆ ಬರುತ್ತವೆ. ಸೋತೆ ಅಂತ ತಿಳಿಯಬೇಡ, ಮರವೇ ಮೇಲು. ಅಳತೆ ಇದ್ದ ಹಾಗೇ ಇರಲಿ, ಶಾಯಿ ಕಪ್ಪಗಿರಲಿ, ಹಾಳೆಗೆ ಒಂದು ಮಡಿಕೆಯೂ ಬೀಳಬಾರದು ಅಂತ ಅಳಿಯಂದಿರಿಗೆ ಹೇಳು. ಗಡ್ಡದ ವಿಷಯ ಇನ್ನೂ ಬರೆಯುವುದಿತ್ತು, ಕಿಟಕಿಯ ಬೆಳಕು ಹೋಗುತ್ತಿದೆ.

ನಿನ್ನ ಅಪ್ಪ,
ಯಾನ್ ಶೌಪೂ

ಮರೆತಿದ್ದೆ: ಆ ಶಿಷ್ಯ ಯಾರೆಂದು ಅಚ್ಚುಕೂಟದಲ್ಲಿ ಹೇಳಬೇಡ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಓದುತ್ತಿದ್ದೇನೆ ಅಂತ ನಿಮ್ಮಮ್ಮನಿಗೆ ಜೀವನವಿಡೀ ಹೇಳಿಕೊಂಡು ಬಂದೆ. ಅವಳು ಹೌದೇನು ಅಂದು ಕುಂಚ ಅದ್ದುತ್ತಿದ್ದಳು. ನಂಬಿದ್ದಾಳೆ ಅಂದುಕೊಂಡಿದ್ದೆ.