ಬೋರ್ಡಿನಲ್ಲಿ ಮಾರುದ್ದ, ಬಾಯಲ್ಲಿ ಗೇಣುದ್ದ

ಅಕ್ಕಾ,

ಗಂಟಲು ನೋವು ಹೋಗಿದೆ, ಅಮ್ಮನಿಗೆ ಇದನ್ನೇ ಮೊದಲು ಓದಿ ಹೇಳು.

ಇಲ್ಲಿಯವರು ಊರುಗಳ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ಮಾರುದ್ದ ಬರೀತಾರೆ, ಬಾಯಲ್ಲಿ ಮುಕ್ಕಾಲು ಪಾಲು ನುಂಗಿಬಿಡ್ತಾರೆ. ನಾನೋ, ಹೊಲಿಗೆ ಫ್ಯಾಕ್ಟರಿಗೆ ಹೋಗೋವಾಗ ಬೋರ್ಡಿನಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಓದಿ ಟಿಕೆಟ್ ಕೇಳ್ತಿದ್ದೆ. ಬಸ್ಸಿಗೆ ಬಸ್ಸೇ ನಗೋದು. ಯಾವ ಕಂಡಕ್ಟರ್ ಇದ್ದರೂ ಅದೇ ಪ್ರಶ್ನೆ: "ಯಾವೂರಮ್ಮ ನಿಮ್ದು?" ನಮ್ಮೂರ ಹೆಸರು, ಅಪ್ಪನ ಗಡಿಯಾರ ರಿಪೇರಿ ಅಂಗಡಿ, ಅದರ ಮುಂದಿನ ಬೇವಿನ ಮರ, ಎಲ್ಲ ಒಪ್ಪಿಸ್ತಿದ್ದೆ. ಆದರೂ ಆ ನಗು ಕೇಳಿ ಮೈ ಉರೀತಿತ್ತು.

ಕೊನೆಗೆ ರೂಮಿನ ಗೆಳತಿ ಹೇಳಿಕೊಟ್ಟಳು: "ಬಾಯಲ್ಲಿ ಬಿಸಿ ಅನ್ನ ಇಟ್ಕೊಂಡಿದ್ದೀಯ ಅಂದ್ಕೊಂಡು ಹೇಳು." ಇವತ್ತು ಹಾಗೇ ಹೇಳಿದೆ. ಕಂಡಕ್ಟರ್ ನನ್ನ ಮುಖ ಕೂಡ ನೋಡದೆ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಗೆದ್ದೆ ಅಂತ ಬೀಗಿಕೊಂಡು ಕೂತೆ. ಇಳಿಯುವಾಗ ಹೊಳೀತು, ಯಾವೂರು ಅಂತ ಯಾರೂ ಕೇಳಲಿಲ್ಲ, ಇವತ್ತು ನಮ್ಮೂರ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.

ಕಾರ್ಡಿನಲ್ಲಿ ಜಾಗ ಮುಗೀತು. ನಾಳೆ ಮತ್ತೆ ಬೋರ್ಡಿನಲ್ಲಿ ಇರೋ ಹಾಗೇ ಓದ್ತೀನಿ. ನಗೋರು ನಗಲಿ, ಕೇಳೋರು ಕೇಳಲಿ.

ನಿನ್ನ ಪುಟ್ಟಿ