ಮೂವತ್ತೆರಡಕ್ಕೆ ಮೂವತ್ತೆರಡು

ಮಾರ್ಚ್ ೨, ಸಂಜೆ ೬

ಹೊಸ ಪ್ರಯಾಣಿಕರು ಹಡಗು ಹತ್ತಿದರು. ಮತ್ತೆ ಅದೇ ಸೇಫ್ಟಿ ಡ್ರಿಲ್, ಅದೇ ಗಿಳಿಪಾಠ. ಏಳು ಚಿಕ್ಕ ಗಂಟೆ, ಒಂದು ಉದ್ದ ಗಂಟೆ — ಕೇಳಿದ ಕೂಡಲೇ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಅಪಾಯದ ಹೊತ್ತಲ್ಲಿ ಸೇರಲು ಗೊತ್ತುಮಾಡಿದ ನಿಮ್ಮ ನಿಮ್ಮ ಸ್ಟೇಷನ್‌ಗೆ ಬನ್ನಿ. ಬಂದವರ ಕೈಯಲ್ಲಿ ಜ್ಯೂಸು, ಕಾಲಲ್ಲಿ ಈಜುಕೊಳದ ಚಪ್ಪಲಿ. ಬಂದದ್ದೇ ನಮಗೆ ಮಾಡಿದ ಉಪಕಾರ ಅನ್ನುವ ಮುಖ. ಸಿ ಸ್ಟೇಷನ್ ಬಾಗಿಲಲ್ಲಿ ಸ್ಕ್ಯಾನರ್ ಹಿಡಿದು ನಿಂತವಳು ನಾನು. ಉಳಿದ ದಿನ ಇವರ ಕ್ಯಾಬಿನ್ ಗುಡಿಸಿ ಒರೆಸುವವಳು. ಡ್ರಿಲ್ ದಿನ ಮಾತ್ರ ತಲೆ ಎಣಿಸುವ ಅಧಿಕಾರ.

ಒಬ್ಬ ಯಜಮಾನರು ಎರಡು ಕಾರ್ಡ್ ಚಾಚಿದರು.

"ಇದು ನಂದು. ಇದು ನಮ್ಮನೆಯವ್ರದು."

"ಅವ್ರೆಲ್ಲಿ ಸಾರ್?"

"ರೂಮಲ್ಲಿ ಮಲಗಿದಾರೆ, ತಲೆನೋವು. ನೀವು ಟಿಕ್ ಹಾಕ್ಕೊಳ್ಳಿ, ಏನಾಗತ್ತೆ."

"ಕಾರ್ಡ್ ಬಂದ್ರೆ ಸಾಲ್ದು ಸಾರ್, ಆಳೂ ಬರ್ಬೇಕು. ಹಡಗು ಮುಳುಗೋವಾಗ ಕಾರ್ಡಿಗೆ ಲೈಫ್ ಜಾಕೆಟ್ ಹಾಕಕ್ಕಾಗಲ್ಲ."

ಹಿಂದಿದ್ದವರು ನಕ್ಕರು. ಯಜಮಾನರು ಮುಖ ಗಂಟಿಕ್ಕಿಕೊಂಡು ಹೋಗಿ ಕರೆತಂದರು. ತಲೆನೋವೂ ಇಲ್ಲ, ಮಣ್ಣೂ ಇಲ್ಲ. ಮುಖಕ್ಕೆ ಏನೋ ಹಸಿರು ಬಳಿದುಕೊಂಡು ಅದು ಒಣಗಲಿ ಅಂತ ಕೂತಿದ್ದರಂತೆ. ಶಿಳ್ಳೆ ಸಾಹೇಬರು ದೂರದಿಂದಲೇ "ಭೇಷ್" ಅಂದರು. ಸೇಫ್ಟಿ ಆಫೀಸರ್ ಅವರು. ಕುತ್ತಿಗೆಯ ಶಿಳ್ಳೆ ಸ್ನಾನಕ್ಕೆ ಹೋಗುವಾಗಲೂ ಇಳಿಯುವುದಿಲ್ಲ ಅಂತ ನಮ್ಮೆಲ್ಲರ ಗುಮಾನಿ.

ಕ್ಯಾಬಿನ್‌ಗೆ ಬಂದು ಅಕ್ಕನಿಗೆ ಹೇಳಿದೆ. ಮೇಲಿನ ಮಂಚದಿಂದ ತಲೆ ಇಳಿಬಿಟ್ಟು ನಕ್ಕಳು.

"ಹೇಳೋದು ಶಾಸ್ತ್ರ, ಹಾಕೋದು ಗಾಳ. ನನ್ ಕಾರ್ಡಿಗೆ ಯಾವ್ ಆಳು ಬರ್ತಾನೆ ಮರಿ?"

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಮೂರು ವರ್ಷದಿಂದ ಒಂದೇ ಕ್ಯಾಬಿನ್. ಪೇಸ್ಟ್ರಿಯವಳು. ಬೆಳಗಿನವರೆಗೆ ಕೇಕು ಬನ್ನು ಸುಟ್ಟು ಏಳಕ್ಕೆ ಬಂದು ಬೀಳುತ್ತಾಳೆ. ಸಿಬ್ಬಂದಿಯ ಡ್ರಿಲ್ ಪ್ರತಿ ಗುರುವಾರ ಹತ್ತೂವರೆಗೆ — ಅವಳ ಮಟ್ಟಿಗೆ ಅದು ನಡುರಾತ್ರಿ. ಜನವರಿಯಲ್ಲಿ ಜ್ವರ ಬಂದಿತ್ತು, ಏಳಲಾರದೆ ಬಿದ್ದಿದ್ದಳು. ಅವಳದೂ ಸಿ ಸ್ಟೇಷನ್ನೇ, ಸ್ಕ್ಯಾನರ್ ನನ್ನ ಕೈಯಲ್ಲೇ. ಬಾಗಿಲ ಪಕ್ಕದ ಕೊಕ್ಕೆಯಿಂದ ಅವಳ ಕಾರ್ಡ್ ತೆಗೆದುಕೊಂಡು ಹೋದೆ, ಟಿಂಗ್ ಅನ್ನಿಸಿದೆ. ಪ್ರಾಕ್ಸಿ. ಆಮೇಲೆ ರೂಢಿಯಾಯಿತು. ಇದುವರೆಗೆ ನಾಲ್ಕು ಸಲ.

"ಬೇಡ ಮರಿ, ಸಿಕ್ಕಿಬಿದ್ರೆ ನಿನ್ ಕೆಲ್ಸಕ್ಕೆ ಕುತ್ತು" ಅಂತ ಅವಳೂ ಪ್ರತಿ ಸಲ ಹೇಳುತ್ತಾಳೆ. ಹೇಳುತ್ತಲೇ ಗೊರಕೆ.

ಮಾರ್ಚ್ ೬

ಸಿಬ್ಬಂದಿ ಡ್ರಿಲ್. ನಮ್ಮ ಸ್ಟೇಷನ್‌ನಲ್ಲಿ ಮೂವತ್ತೆರಡು ಮಂದಿ. ಎಷ್ಟು ಸಲ ನೋಡಿದರೂ ಸ್ಕ್ಯಾನರ್ ಮೂವತ್ತೊಂದು ಅನ್ನುತ್ತಿದೆ. ಕೊನೆಗೆ ನೋಡಿದರೆ ನನ್ನ ಕಾರ್ಡೇ ಹಾಕಿಲ್ಲ! ಇಲ್ಲದ ಅಕ್ಕನನ್ನು ಎಣಿಸಿ ಇದ್ದ ನನ್ನನ್ನು ಬಿಟ್ಟಿದ್ದೆ.

ಡಿ ಸ್ಟೇಷನ್‌ನಲ್ಲಿ ನಿಜವಾಗಿಯೂ ಒಬ್ಬ ಕಡಿಮೆ. ಬಾರ್‌ನವನು. ಶಿಳ್ಳೆ ಸಾಹೇಬರು ಹುಡುಕುವ ತಂಡ ಬಿಟ್ಟರು. ಅವನ ಕ್ಯಾಬಿನ್, ಲಾಂಡ್ರಿ, ಸ್ಟೋರು, ಅಡುಗೆಮನೆ, ಅಲ್ಲಿನ ಕೋಣೆಯಂಥ ಫ್ರೀಜರ್ ಸಹಿತ ಎಲ್ಲ ಬಾಗಿಲು ತೆಗೆದು ನೋಡಿದರಂತೆ. ಆಸಾಮಿ ಟಾಯ್ಲೆಟ್‌ನಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ. ಒಂಬತ್ತೇ ನಿಮಿಷ. "ಒಂಬತ್ತು ನಿಮಿಷ!" ಅಂತ ಸಾಹೇಬರು ಹಲ್ಲು ಮೂವತ್ತೆರಡೂ ಕಾಣುವಂತೆ ನಕ್ಕರು, ತಾವೇ ಹೆತ್ತ ಮಗುವಿನ ಬಗ್ಗೆ ಹೇಳುವ ಹಾಗೆ.

ಅಕ್ಕ ಎದ್ದ ಮೇಲೆ ನನ್ನ ಲೆಕ್ಕದ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೊಳೆ ದಾಟಿದ ಹತ್ತು ಜನ ಪೆದ್ದರ ಕಥೆ ಆಯ್ತಲ್ಲೇ! ಒಬ್ಬೊಬ್ಬನೂ ತನ್ನ ಬಿಟ್ಟು ಎಣಿಸಿ, ಒಬ್ಬ ಕೊಚ್ಕೊಂಡ್ ಹೋದ ಅಂತ ದಡದಲ್ಲಿ ಕೂತು ಅತ್ರಂತೆ."

ಮಾರ್ಚ್ ೧೦

ಅಕ್ಕ ಕೇಕಿನ ಮೇಲೆ ಹೆಸರು ಬರೆಯುವುದನ್ನು ನೋಡುತ್ತಾ ನಿಂತಿದ್ದೆ. ಕ್ರೀಮಿನ ಕೋನ್ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ. ಅಳಿಸುವುದು ತಿದ್ದುವುದು ಇಲ್ಲ. ನನ್ನ ಕೈಗೂ ಕೊಟ್ಟಳು. ಕೋಳಿ ಕೆದಕಿದ ಹಾಗಾಯಿತು.

"ಬೆರಳು ಹೇಳ್ದಂಗೆ ಕೇಳ್ಬೇಕು ಮರಿ. ನನ್ ಆಸ್ತಿ ಅಂದ್ರೆ ಇವೇ" ಅಂತ ಬಲಗೈ ಬೆರಳು ಆಡಿಸಿ ತೋರಿಸಿದಳು. ನಾನು ಕೆಡಿಸಿದ್ದನ್ನು ಇಬ್ಬರೂ ತಿಂದೆವು.

ಮಾರ್ಚ್ ೧೩, ೧೧.೨೦

ಡ್ರಿಲ್ ಮುಗಿಯಿತು. ೧೦.೪೧ಕ್ಕೇ ಲೆಕ್ಕ ಒಪ್ಪಿಸಿದೆ: ಮೂವತ್ತೆರಡಕ್ಕೆ ಮೂವತ್ತೆರಡು. ಎಲ್ಲರಿಗಿಂತ ಮೊದಲು, ಸಾಹೇಬರು ಶಹಬ್ಬಾಸ್ ಅಂದರು. ಈ ಸಲ ನನ್ನನ್ನೂ ಮರೆಯಲಿಲ್ಲ, ಹಹ. ಹೋಗುವಾಗ ಅಕ್ಕನ ಮಂಚದ ಪರದೆ ಮುಚ್ಚಿತ್ತು, ಕಾರ್ಡ್ ಕೊಕ್ಕೆಯಲ್ಲಿತ್ತು. ಎಬ್ಬಿಸಲಿಲ್ಲ.

ಈಗ ಪರದೆ ಸರಿಸಿದೆ. ಅಕ್ಕ ಇಲ್ಲ. ಹೊದಿಕೆ ಮಡಿಸಿಟ್ಟಿದೆ. ಎಲ್ಲಿಗೆ ಹೋದಳು ಮಹರಾಯ್ತಿ? ಕಾರ್ಡ್ ನನ್ನ ಜೇಬಿನಲ್ಲಿದೆ, ವಾಪಸ್ ಬಂದರೆ ಬಾಗಿಲು ಹೇಗೆ ತೆಗೆಯುತ್ತಾಳೆ… ಊಟಕ್ಕಿರಬೇಕು. ಹೋಗಿ ಕೊಟ್ಟು ಬರು—

ಸ್ಪೀಕರ್‌ನಲ್ಲಿ ಆಲ್ಫಾ, ಆಲ್ಫಾ ಅನ್ನುತ್ತಿದ್ದಾರೆ. ಯಾರಿಗೋ ಜೀವಕ್ಕೆ ಅಪಾಯವಾದರೆ ಹೇಳುವುದು. ಮುಖ್ಯ ಅಡುಗೆಮನೆ ಅಂತೆ. ಇದೂ ಡ್ರಿಲ್ಲಾ?

ಮಾರ್ಚ್ ೧೩, ಮಧ್ಯಾಹ್ನ ೩

ಅಕ್ಕ.

ಫ್ರೀಜರ್‌ನಲ್ಲಿ.

ಮಾರ್ಚ್ ೧೩, ೪.೩೦

ಗೊತ್ತಾದಷ್ಟು ಬರೆದಿಡುತ್ತೇನೆ. ಒಂಬತ್ತೂವರೆಗೆ ಚೆಫ್ ಕ್ಯಾಬಿನ್‌ಗೆ ಫೋನ್ ಮಾಡಿದ್ದರಂತೆ. ನಾನಾಗ ಕ್ಯಾಬಿನ್‌ಗಳ ಕೆಲಸದಲ್ಲಿದ್ದೆ. ಯಾರದೋ ಮದುವೆಯ ಕೇಕ್ ಕುಸಿದಿದೆ, ಓಡಿ ಬಾ. ಅಕ್ಕ ಎದ್ದವಳೇ ಓಡಿದ್ದಾಳೆ, ಕಾರ್ಡ್ ಕೊಕ್ಕೆಯಲ್ಲೇ ಬಿಟ್ಟು. ಹತ್ತಕ್ಕೆ ಚೆಫ್ ಮೀಟಿಂಗ್‌ಗೆ ಹೋದರು. ಅವಳು ಬೆಣ್ಣೆ ತರಲು ಫ್ರೀಜರ್ ಒಳಗೆ ಹೋಗಿದ್ದಾಳೆ. ಜಾರಿದ್ದಾಳೆ. ಟ್ರೇಗಳ ರ‍್ಯಾಕ್ ಕಾಲ ಮೇಲೆ ಮಗುಚಿಕೊಂಡಿದೆ. ಒಳಗಿಂದ ಒತ್ತುವ ಬೆಲ್ ಇದೆ, ಬಾಗಿಲ ಬಳಿ. ಅವಳಿಗೆ ಎಟುಕಿಲ್ಲ. ಅಷ್ಟರಲ್ಲಿ ಡ್ರಿಲ್. ಅಡುಗೆಮನೆ ಪೂರ್ತಿ ಖಾಲಿ. ಡ್ರಿಲ್ ಮುಗಿಸಿ ಬಂದ ಚೆಫ್ ಬೆಣ್ಣೆಗೆ ಅಂತ ಬಾಗಿಲು ತೆಗೆದಾಗ ೧೧.೨೫.

ಜೀವ ಇದೆ. ಡಾಕ್ಟರ್ "ಜೀವ ಇದೆ" ಅಂದರು, ಅಷ್ಟೇ.

ಕೈಕಾಲು ತಣ್ಣಗಾಯಿತು ಅಂತ ಬರೆಯಲು ಹೊರಟೆ. ಆ ಮಾತು ಇನ್ನು ನನಗೆ ಬೇಡ.

೧೦.೪೧ಕ್ಕೆ ನಾನು ಮೂವತ್ತೊಂದು ಅಂದಿದ್ದರೆ? ಒಂಬತ್ತು ನಿಮಿಷ. ಫ್ರೀಜರ್ ಸಹಿತ ಎಲ್ಲ ಬಾಗಿಲು. ಹತ್ತು ಐವತ್ತಕ್ಕೆ ಹೊರಗಿರುತ್ತಿದ್ದಳು. ಆ ಪೆದ್ದರು ಇದ್ದವನನ್ನು ಬಿಟ್ಟು ಎಣಿಸಿ ಅತ್ತರು. ನಾನು ಇಲ್ಲದವಳನ್ನು ಸೇರಿಸಿ ಎಣಿಸಿ ಶಹಬ್ಬಾಸ್ ಅನ್ನಿಸಿಕೊಂಡೆ. ಕಾರ್ಡ್ ಹಾಕು ಅಂತ ಅವಳು ಕೇಳಿಯೂ ಇರಲಿಲ್ಲ. ಪರದೆ ಸರಿಸಿ ನೋಡಲು ಎಷ್ಟು ಹೊತ್ತು ಬೇಕಿತ್ತು?

ಮಾರ್ಚ್ ೧೪

ಬೆಳಿಗ್ಗೆ ಹಡಗು ಬಂದರು ತಲುಪಿತು. ದಡದ ಆಂಬುಲೆನ್ಸ್ ಕಾಯುತ್ತಿತ್ತು. ಸ್ಟ್ರೆಚರ್ ಇಳಿಸುವ ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ. ಸಾಯುವವರನ್ನೂ ಸ್ಕ್ಯಾನ್ ಮಾಡದೆ ಇಳಿಸುವ ಹಾಗಿಲ್ಲ.

"ಇವ್ರ ಕಾರ್ಡ್?"

ನನ್ನ ಜೇಬಿನಿಂದ ತೆಗೆದುಕೊಟ್ಟೆ. ಟಿಂಗ್. ಸ್ಕ್ಯಾನರ್ ಪರದೆಯ ಮೇಲೆ ಅಕ್ಕನ ಫೋಟೋ ಬಂತು, ನಗುತ್ತಿರುವುದು. ಅವನು ಫೋಟೋ ನೋಡಿದ, ನನ್ನ ಜೇಬು ನೋಡಿದ. ಪಕ್ಕಕ್ಕೆ ಸರಿದ. ಅಕ್ಕನ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಕಣ್ಣು ಮುಚ್ಚಿತ್ತು. "ಅಕ್ಕಾ" ಅಂದೆ. ಕೇಳಿಸಿತೋ ಇಲ್ಲವೋ.

ಮಾರ್ಚ್ ೧೭, ಬೆಳಿಗ್ಗೆ

ಶಿಳ್ಳೆ ಸಾಹೇಬರು ಕರೆಸಿದರು. ಮೇಜಿನ ಮೇಲೆ ಸಿ ಸ್ಟೇಷನ್ ಪಟ್ಟಿ. ಎಲ್ಲ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ದೇವರಾಣೆ.

"ಹತ್ತು ಮೂವತ್ತೆಂಟಕ್ಕೆ ಕಾರ್ಡ್ ಬಿದ್ದಿದೆ. ಅಂದ್ರೆ ಬಂದಿದ್ಳು ಅಂತಾಯ್ತು, ಅಲ್ವಾ?"

ಪಟ್ಟಿಯಲ್ಲಿ ಅಕ್ಕನ ಹೆಸರು ಹುಡುಕಿದೆ. ಸಾಹೇಬರೇ ಮುಂದುವರಿಸಿದರು.

"ಅವ್ಳೂ ಆಸ್ಪತ್ರೆಯಿಂದ ಹಾಗೇ ಹೇಳಿದಾಳೆ. ಬಂದೆ, ಮಧ್ಯದಲ್ಲೇ ಕೇಕ್ ನೆನಪಾಗಿ ಹೊರಟ್ಬಿಟ್ಟೆ ಅಂತ. ನೀನು ನೋಡ್ಲಿಲ್ವಾ ಅವ್ಳು ಹೋಗಿದ್ದು?"

ಅಕ್ಕ ಹಾಗೆ ಹೇಳಿದ್ದಾಳಾ? ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ತಿಳಿಯದ ಹಾಗೆ. ಅವರು ನೋಡಿಲ್ಲ ಅಂತ ಬರೆದುಕೊಂಡರು. ನಾನು ಸಹಿ ಹಾಕಿದೆ. ಥೂ.

ಮಾರ್ಚ್ ೧೮

ಅಕ್ಕನಿಂದ ವಾಯ್ಸ್ ಮೆಸೇಜ್. ಹನ್ನೊಂದು ಸಲ ಕೇಳಿದೆ. ಇಲ್ಲಿ ಬರೆದಿಟ್ಟರೆ ಕಿವಿಯಿಂದ ಇಳಿಯುತ್ತದೋ ಏನೋ.

"ಮರಿ, ಊಟ ಮಾಡ್ದ್ಯಾ? ಬಲಗೈಯಲ್ಲಿ ಮೂರು ಬೆರಳು ತೆಗೆದ್ರು. ಟೈಪ್ ಮಾಡಕ್ಕಾಗಲ್ಲ, ಅದಕ್ಕೇ ಮಾತಾಡ್ತಿದೀನಿ. ಕೈ ಎಟುಕಿದ್ದು ಟ್ರೇ ರ‍್ಯಾಕಿನ ಕಬ್ಬಿಣಕ್ಕೊಂದೇ, ಬಡೀತಾನೇ ಇದ್ದೆ… ಇರ್ಲಿ ಬಿಡು. ನಾನು ಡ್ರಿಲ್‌ಗೆ ಬಂದಿದ್ದೆ ಅಂತ ಹೇಳಿದೀನಿ, ನೀನೂ ಹಾಗೇ ಹೇಳು. ಇಬ್ರೂ ಹಾಳಾಗೋದು ಬೇಡ. ನಿನ್ ಮೇಲೆ ಕೋಪ ಇಲ್ಲ ಮರಿ. ಒಂದ್ ಮಾತು ಹೇಳ್ಲಾ? ಒಳಗೆ ಬಿದ್ದಿದ್ದಾಗ ಗಂಟೆ ಕೇಳಿಸ್ತು. ಏಳು ಚಿಕ್ಕದು, ಒಂದು ಉದ್ದ. ಎಷ್ಟ್ ಖುಷಿಯಾಯ್ತು ಗೊತ್ತಾ! ಈಗ ಎಣಿಸ್ತಾರೆ, ಒಬ್ಳು ಕಮ್ಮಿ ಬರತ್ತೆ, ಹುಡುಕ್ಕೊಂಡ್ ಬರ್ತಾರೆ ಅಂದ್ಕೊಂಡೆ. ಆಮೇಲೆ… ಕಾರ್ಡು ಕೊಕ್ಕೆಯಲ್ಲಿರೋದು ನೆನಪಾಯ್ತು. ಆಯ್ತು, ನರ್ಸ್ ಬಂದ್ರು. ಇಡ್ತೀನಿ."

ಮಾರ್ಚ್ ೧೯

ಏನೂ ಬರೆಯಲಾರೆ. ಮೇಲಿನ ಮಂಚ ಖಾಲಿ. ಪರದೆ ತೆರೆದೇ ಇಟ್ಟಿದ್ದೇನೆ.

ಸಂಜೆ ನೋಟಿಸ್ ಬೋರ್ಡ್‌ನಲ್ಲಿ ಅಂಟಿಸಿದರು. ಡ್ರಿಲ್ ನಡುವೆ ಅನುಮತಿಯಿಲ್ಲದೆ ಸ್ಟೇಷನ್ ಬಿಟ್ಟು ಹೋದ ಪೇಸ್ಟ್ರಿ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ. ತಪ್ಪು ಅವರದೇ ಆದ್ದರಿಂದ ಮುಂದಿನ ಚಿಕಿತ್ಸೆಯ ಹೊಣೆ ಕಂಪನಿಯದಲ್ಲ. ಓದುತ್ತಿದ್ದ ಬಾರ್‌ನವನು ಲೊಚಗುಟ್ಟಿದ: "ಬೇಕಿತ್ತಾ ಅವ್ಳಿಗೆ?" ಟಾಯ್ಲೆಟ್‌ನಲ್ಲಿ ಕೂತಿದ್ದವನು! ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಿಕೊಳ್ಳಬೇಕಾದ ಕೆನ್ನೆ ನನ್ನದು.

ಮಾರ್ಚ್ ೨೦, ೧೧.೦೫

ಶಿಳ್ಳೆ ಸಾಹೇಬರ ಆಫೀಸಿನ ಹೊರಗಿನ ಬೆಂಚು. ಕೂತಿರು ಅಂದಿದ್ದಾರೆ. ಬ್ಯಾಗಿನಲ್ಲಿ ಇದೊಂದು ಪುಸ್ತಕ ಇತ್ತು.

ಡ್ರಿಲ್‌ನಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದೆ. ಪಟ್ಟಿಯಲ್ಲಿ ಈಗ ಮೂವತ್ತೊಂದೇ ಹೆಸರು. ಲೆಕ್ಕ ಸರಿಬಂತು. ಸಾಹೇಬರು ನಮ್ಮ ಸಾಲಿನ ಮುಂದೆ ನಿಂತು ಭಾಷಣ ತೆಗೆದರು.

"ಹೋದ ವಾರ ಇದೇ ಸಾಲಿಂದ ಒಬ್ಳು ಕದ್ದು ಹೋದ್ಲು. ಏನಾಯ್ತು ನೋಡಿದ್ರಲ್ಲ?"

"ಇಲ್ಲ ಸಾರ್" ಅಂದೆ.

"ಏನಿಲ್ಲ?"

"ಕದ್ದು ಹೋಗ್ಲಿಲ್ಲ. ಅವ್ಳು ಬಂದೇ ಇರ್ಲಿಲ್ಲ. ಕಾರ್ಡ್ ಬಂದಿತ್ತು, ಆಳು ಬಂದಿರ್ಲಿಲ್ಲ. ಹಾಕಿದ್ದು ನಾನು."

ಸಾಹೇಬರ ಬಾಯಿಯ ಹತ್ತಿರವಿದ್ದ ಶಿಳ್ಳೆ ಕೈಜಾರಿ ಎದೆಗೆ ಬಡಿಯಿತು.

"ಎಷ್ಟು ಸಲ?"

"ಆರು."

"ಅವ್ಳು ಬಂದಿದ್ದೆ ಅಂದ್ಲಲ್ಲ?"

"ನನ್ನ ಉಳಿಸಕ್ಕೆ ಸಾರ್."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಸ್ಕ್ಯಾನರನ್ನು ನೋಡುತ್ತಾ ನಿಂತರು. ಆಮೇಲೆ ವಾಕಿಟಾಕಿ ಎತ್ತಿ, "ಎಲ್ಲಾ ಸ್ಟೇಷನ್. ಸ್ಕ್ಯಾನರ್ ಕೆಳಗಿಡಿ. ಹೆಗಲು ಮುಟ್ಟಿ ಎಣಿಸಿ" ಅಂದರು.

ಹತ್ತು ನಿಮಿಷದ ಹಿಂದೆ ಎಲ್ಲ ಸ್ಟೇಷನ್‌ಗಳೂ ಪೂರ್ತಿ ಅಂತ ಒಪ್ಪಿಸಿದ್ದವು. ಈಗ ಒಂದೊಂದೇ ದನಿ ಬರತೊಡಗಿತು. ಎ — ಇಬ್ಬರು ಕಡಿಮೆ. ಬಿ — ನಾಲ್ವರು ಕಡಿಮೆ. ಡಿ… ತಡವರಿಸಿತು… ಐದು. ಒಟ್ಟು ಹನ್ನೊಂದು. ಹನ್ನೊಂದು ಮುಚ್ಚಿದ ಪರದೆಗಳು, ಹಿಂದೆ ಯಾರಿದ್ದಾರೋ ಇಲ್ಲವೋ. ನಾನೊಬ್ಬಳೇ ಪಾಪಿ ಅಂದುಕೊಂಡಿದ್ದೆ. ಸಾಹೇಬರು ಗೋಡೆ ಹಿಡಿದುಕೊಂಡರು. ಹುಡುಕುವ ತಂಡಗಳು ಓಡಿದ ಸದ್ದು ಮೆಟ್ಟಿಲ ಮೇಲೆ ಇನ್ನೂ ಕೇಳುತ್ತಿದೆ.

೧೧.೩೦

ಎಂಟು ಮಂದಿ ಸಿಕ್ಕರಂತೆ, ಎಲ್ಲರೂ ಹಾಸಿಗೆಯಲ್ಲೇ. ಇನ್ನು ಮೂವರು.

ಸಾಹೇಬರು ಬಂದು ಬಿಳಿ ಹಾಳೆ ಕೊಟ್ಟರು. "ಬರ್ಕೊಡು. ಮೊದ್ಲಿಂದ. ಅವ್ಳ ಫೈಲು ಇವತ್ತೇ ತಿದ್ತೀನಿ. ನಿನ್ ಕೆಲ್ಸ ಉಳಿಯಲ್ಲ, ಗೊತ್ತಲ್ಲ?"

"ಗೊತ್ತು ಸಾರ್."

ಅಕ್ಕ ಬೈಯುತ್ತಾಳೆ. ಬೈಯಲಿ. ಹಾಳೆಯಲ್ಲಿ ಚಿತ್ತಾಗಬಾರದು, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಾರ್ಚ್ ಹದಿಮೂರರ ಡ್ರಿಲ್‌ನಲ್ಲಿ ಸಿ ಸ್ಟೇಷನ್‌ಗೆ ಬಂದವರು ನನ್ನನ್ನೂ ಸೇರಿಸಿ ಮೂವತ್ತೊಂದು. ಮೂವತ್ತೆರಡನೆಯವಳು ಗಂಟೆ ಕೇಳಿ ಖುಷಿಪಟ್ಟದ್ದು ಫ್ರೀಜರ್ ಒಳಗೆ, ಈಗ ಹುಡುಕಿಕೊಂಡು ಬರುತ್ತಾರೆ ಅಂತ.