ಅಕ್ಕನ ಬ್ಯಾಗಲ್ಲಿದ್ದ ಪುಟ್ಟ ಅಂಗಿ

ಸೂಪರ್‌ವೈಸರ್ ಮೇಡಂ ಅವರಿಗೆ ನಮಸ್ಕಾರ.

ನಾನು ನಿಮ್ಮ ಗಾರ್ಮೆಂಟ್ಸ್ ಲೈನಲ್ಲಿ ಶರ್ಟಿಗೆ ಕಾಲರ್ ಹೊಲೀತಿದ್ದವಳ ತಮ್ಮ. ಅಕ್ಕ ಸೋಮವಾರ ತೀರಿಕೊಂಡ್ಳು.

ಅವಳ ಹೊಟ್ಟೇಲಿದ್ದಿದ್ದು ಮಗು ಅಲ್ಲ ಮೇಡಂ, ಗೆಡ್ಡೆ. ಅಂಡಾಶಯದಲ್ಲಿ ಬೆಳೆದು ಕುಂಬಳಕಾಯಿಗಿಂತ ದೊಡ್ಡದಾಗಿತ್ತು. ಕ್ಯಾನ್ಸರೂ ಅಲ್ವಂತೆ. "ಮೊದಲೇ ಬಂದಿದ್ರೆ ತೆಗೆದು ಮನೆಗೆ ಕಳಿಸ್ತಿದ್ವಿ. ಈಗ ತಿರುಚಿಕೊಂಡು ಒಳಗೇ ಒಡೆದುಹೋಗಿದೆ" ಅಂದ್ರು ಡಾಕ್ಟ್ರು.

ಹೇಗೆ ಹೋಗ್ತಾಳೆ? "ಮದುವೆ ಊಟಾನೇ ಹಾಕಿಲ್ಲ, ಆಗಲೇ ತೊಟ್ಟಿಲು ಕಟ್ತೀಯೇನೇ?" ಅಂತ ಲೈನೆಲ್ಲ ನಗ್ತಿತ್ತಲ್ಲ. ಆಸ್ಪತ್ರೆಗೆ ಹೋಗೋಣ ಬಾರೇ ಅಂದ್ರೆ, "ಅಲ್ಲೂ ಅದನ್ನೇ ಕೇಳ್ತಾರೆ ಕಣೋ" ಅಂತ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಬರ್ತಿದ್ಳು.

ಜಗಳ ಆಡೋಕೆ ಅಂತಲೇ ನಿಮ್ಮ ಗೇಟಿನ ತನಕ ಬಂದಿದ್ದೆ. ಒಳಗೆ ಬರದೆ ವಾಪಸ್ ಹೋದೆ. ಒಂದೇ ಒಂದು ಕೇಳ್ಕೋತೀನಿ. ಮಿಷಿನ್ ಎಲ್ಲಾ ನಿಲ್ಲಿಸಿ, ಎಲ್ಲರಿಗೂ ಕೇಳೋ ಹಾಗೆ ಹೇಳಿ, ಅದು ಗೆಡ್ಡೆ ಅಂತ.

ಚೂರು ಬಟ್ಟೇಲಿ ಮಗುವಿನ ಅಂಗಿ ಹೊಲಿದು ಯಾರೋ ತಮಾಷೆಗೆ ಅವಳ ಬ್ಯಾಗಿಗೆ ಹಾಕಿದ್ರು. ಅದನ್ನ ಇದರ ಜೊತೆ ಕಳಿಸ್ತಿದೀನಿ. ಕಾಲರ್ ಸೊಟ್ಟ ಇತ್ತು. ಅಕ್ಕ ಬಿಚ್ಚಿ, ನೆಟ್ಟಗೆ ಹೊಲಿದಿಟ್ಟಿದ್ದಾಳೆ. ಯಾರ ಮಗುವಿಗಾದ್ರೂ ಹಾಕಿ.

ಇಂತಿ,
ನಿಮ್ಮ ಕಾಲರ್ ಹುಡುಗಿಯ ತಮ್ಮ